ಪುಟ್ಟಿಯ ಕೋಣೆ ಹಾಗೇ ಇರಲಿ

ರೀ,

ಹನ್ನೊಂದಕ್ಕೆ ಮನೆ ನೋಡೋಕೆ ಬರ್ತಾರೆ. ಶೇವ್ ಮಾಡಿಕೊಳ್ಳಿ. ದಮ್ಮಯ್ಯ, ಒದ್ದೆ ಟವೆಲ್ ಹಾಸಿಗೆ ಮೇಲೆ ಎಸೀಬೇಡಿ.

ಖಾಲಿ ಕೋಣೆ ಕಂಡರೆ ಜನ ಹಿಂದೇಟು ಹಾಕ್ತಾರೆ, ಮಗುವಿನ ಕೋಣೆ ಇದ್ದರೆ ಮನೆ ಬೇಗ ಹೋಗುತ್ತೆ, ಒಳ್ಳೆ ಬೆಲೇನೂ ಬರುತ್ತೆ ಅಂದ ಬ್ರೋಕರ್. ಅವನಿಗೇನು ಗೊತ್ತು? ಅಟ್ಟದಿಂದ ಪುಟ್ಟಿಯ ಮಂಚ ಇಳಿಸಿ ಜೋಡಿಸಿದ್ದೀನಿ. ಅವಳ ಫ್ರಾಕನ್ನೂ ಮೊಳೆಗೆ ನೇತುಹಾಕಿದ್ದೀನಿ. ಯಾವುದನ್ನೂ ಮುಟ್ಟಬೇಡಿ.

ಹೋದ ವಾರ ಬಂದವರ ಮುಂದೆ ಅವಳು ತೀರಿಕೊಂಡದ್ದನ್ನೆಲ್ಲ ಹೇಳಿಕೊಂಡು ಅತ್ತುಬಿಟ್ಟಿರಿ. ಅವರು ಅಡುಗೆಮನೇನೂ ನೋಡದೆ ಹೊರಟುಹೋದರು. ಈ ಸಲ ಬಾಯಿಗೆ ಬೀಗ ಹಾಕಿಕೊಳ್ಳಿ. ನಾನು ಅಕ್ಕನ ಮನೇಲಿರ್ತೀನಿ, ನನ್ನ ಕೈಲಿ ಆಗಲ್ಲ.

ಮಗು ಎಲ್ಲಿ ಅಂತ ಕೇಳಿದರೆ, ಶಾಲೆಗೆ ಹೋಗಿದ್ದಾಳೆ ಅನ್ನಿ. ಹಾಗನ್ನುವಾಗ ಬಾಗಿಲ ಕಡೆ ಮಾತ್ರ ನೋಡಬೇಡಿ.