ಸಿರಿಂಜು ಮತ್ತು ಅಪ್ಪನ ಬೆರಳು

ಮಾರ್ಚ್ ೧೨, ಮಂಗಳವಾರ. ವೈಪಿಯೊ ಕಣಿವೆ

ಹಾಳು ಸಿರಿಂಜು. ಇವತ್ತೂ ‘ಪಾಸ್’ ಅಂತಲೇ ಹೇಳಿತು.

ಮಧ್ಯಾಹ್ನ ಕೆಸುವಿನ ಗೆಡ್ಡೆ ಬೇಯಿಸಿ ಕುಟ್ಟಿ, ನೀರು ಬೆರೆಸಿ ಪೊಯಿ ಮಾಡಿದೆ. ಅಪ್ಪನಿಗೆ ಲಕ್ವ ಹೊಡೆದಾಗ ಆಸ್ಪತ್ರೆಯ ಶಿರೋಮಾ ಮೇಡಂ ಕಲಿಸಿಕೊಟ್ಟ ಹಾಗೇ ಸಿರಿಂಜಿಗೆ ಹತ್ತು ಮಿಲಿ ತುಂಬಿ, ತುದಿಗೆ ಒತ್ತಿದ್ದ ಬೆರಳು ತೆಗೆದು, ಹತ್ತು ಸೆಕೆಂಡ್ ಎಣಿಸಿದೆ. ಒಂಬತ್ತು ಉಳಿಯಿತು. ಎಂಟರ ಮೇಲೆ ಉಳಿದರೆ ಸಾಕಷ್ಟು ಗಟ್ಟಿ, ಅಪ್ಪ ನುಂಗಬಹುದು ಅಂದಿದ್ದರು. ಎರಡನೇ ಚಮಚಕ್ಕೇ ನೆತ್ತಿಗೇರಿ ಅಪ್ಪನ ತುಟಿ ನೀಲಿಯಾಯಿತು. ತಮ್ಮ ಕವಿಕಾ ಬೆನ್ನು ಗುದ್ದದೇ ಇದ್ದಿದ್ದರೆ...

ಫೋನ್ ಮಾಡಿದರೆ ಮೇಡಂ ಅಂದರು: “ನೋಡಮ್ಮ, ಎಷ್ಟು ಬೇಗ ಇಳಿಯುತ್ತೆ ಅನ್ನೋದಷ್ಟೇ ಸಿರಿಂಜಿಗೆ ಗೊತ್ತಾಗೋದು. ಎಷ್ಟು ಎಳೆ ಬಿಡುತ್ತೆ, ಗಂಟಲಿಗೆ ಎಷ್ಟು ಅಂಟುತ್ತೆ ಅಂತ ನೋಡೋಕೆ ದೊಡ್ಡ ಯಂತ್ರ ಬೇಕು. ಅದು ನಮ್ಮಲ್ಲೂ ಇಲ್ಲ.”

“ಯಂತ್ರ ಯಾಕಕ್ಕಾ? ಅಪ್ಪನನ್ನೇ ಕೇಳೋಣ,” ಅಂದ ಕವಿಕಾ.

ನಿಜವೇ. ಕಣಿವೆಯಲ್ಲಿ ಯಾರ ಮನೆ ಊಟವಾದರೂ ಪೊಯಿ ಮೊದಲು ಅಪ್ಪನ ಮುಂದೆ ಬರುತ್ತಿತ್ತು. ಬೆರಳದ್ದಿ ಎತ್ತಿ, ಎಳೆ ಎಲ್ಲಿ ಕಡಿಯುತ್ತದೆ ಅಂತ ನೋಡಿ, “ನೀರು ಜಾಸ್ತಿಯಾಯ್ತು ಕಣ್ರೋ, ಜಿಪುಣರಾ!” ಅಂತ ಬೈಯುತ್ತಿದ್ದ.

ಬಟ್ಟಲು ಮುಂದಿಟ್ಟೆ. ಎಷ್ಟೋ ದಿನದ ಮೇಲೆ ಅಪ್ಪನ ಮುಖ ಅರಳಿತು. ಎಡಗೈಯಿಂದ ಲಕ್ವ ಹೊಡೆದ ಬಲಗೈಯನ್ನು ಎತ್ತಿ ತಂದು, ತೋರುಬೆರಳನ್ನು ಗೆಣ್ಣಿನವರೆಗೂ ಪೊಯಿಯಲ್ಲಿ ಮುಳುಗಿಸಿ, ಯಾವತ್ತಿನಂತೆ ಕಣ್ಣು ಮುಚ್ಚಿದ. ಈಗ ಎಳೆ ಎತ್ತುತ್ತಾನೆ ಅಂತ ನಾವಿಬ್ಬರೂ ಕಾದೆವು.

ಕಣ್ಣು ಮುಚ್ಚಿಕೊಂಡೇ ತೊದಲಿದ: “ಬೆರಳು ಪೊಯಿಗೆ ಮುಟ್ಟಿತೇನೇ, ಮಗಳೇ?”