ಹೊಸ ಹೆಡ್‌ಫೋನಿನಲ್ಲೂ ಕೇಳಲಿಲ್ಲ

ಪುಟ್ಟಿ,

ದೂರದ ಗೆಳೆಯರೊಡನೆ ಮಾತಾಡುವ ನನ್ನ ಹ್ಯಾಮ್ ರೇಡಿಯೊಗೆ ಹೊಸ ಕಂಪ್ಯೂಟರನ್ನು ಜೋಡಿಸಿದ್ದೇನೆ. ಹಳೆಯ ಕಂಪ್ಯೂಟರಿನ ವೈರು ಕೀಳಬೇಡ.

ಹೊಸ ಹೆಡ್‌ಫೋನ್ ಹಾಕಿಕೊಂಡರೂ ನನಗೆ ದೂರದ ದನಿಗಳು ಕೇಳಲಿಲ್ಲ. ಆಮೇಲೆ ಹಳೆಯ ಹೆಡ್‌ಫೋನನ್ನೇ ನಿನ್ನಮ್ಮನ ಕಿವಿಗೆ ಹಾಕಿದೆ. "ಯಾರೋ ನಿಮ್ಮನ್ನೇ ಕರೀತಿದಾರಲ್ರೀ, ಚೆನ್ನಾಗೇ ಕೇಳ್ತಿದೆ" ಅಂದಳು. ಕೆಟ್ಟಿರುವುದು ನನ್ನ ಕಿವಿ.

ನೀನು ಬೀಳಿಸಿ ಹೆಡ್‌ಫೋನ್ ಕೆಡಿಸಿದೆ ಎಂದು ರೇಡಿಯೊ ಗೆಳೆಯರೆಲ್ಲ ಕೇಳುವ ಹಾಗೆ ಮೈಕಿನಲ್ಲೇ ಬೈದೆನಲ್ಲ, ನೆನೆದರೆ ನಾಚಿಕೆಯಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯಿತು. ಎದುರು ನಿಂತು ಹೇಳಲು ಮುಖವಿಲ್ಲದೆ ಬರೆದಿಟ್ಟು ಹೋಗುತ್ತಿದ್ದೇನೆ.

ಕಿವಿ ಡಾಕ್ಟರನ್ನು ನೋಡಿಕೊಂಡು ಬರುತ್ತೇನೆ, ಊಟಕ್ಕೆ ಕಾಯಬೇಡಿ. ಹೊಸ ಹೆಡ್‌ಫೋನ್ ಇನ್ನು ನಿನ್ನದೇ.

ಸಂಜೆ ಗೆಳೆಯರು ರೇಡಿಯೊದಲ್ಲಿ ಸೇರಿದಾಗ, ತಪ್ಪು ನನ್ನದು, ಮಗಳದಲ್ಲ ಎಂದು ಮೈಕ್ ಹಿಡಿದು ನಾನೇ ಹೇಳುತ್ತೇನೆ. ಅವರು ಏನಂದರೆಂದು ನೀನು ಪಕ್ಕದಲ್ಲಿ ಕೂತು ನನಗೆ ಹೇಳಬೇಕು.

ಅಪ್ಪ