ತಾರಸಿಯ ಮೇಲಿನ ಸದ್ದು

ಮಾಲೀಕಮ್ಮನವರಿಗೆ ನಮಸ್ಕಾರ.

ಬೆಳಗಿನ ಜಾವ ನಾನು ತಾರಸಿಯ ಮೇಲೆ ಓಡುವ ಸದ್ದಿಗೆ ಕೆಳಗೆ ನಿಮ್ಮ ನಿದ್ದೆ ಕೆಡುತ್ತಿದೆ ಎಂದಿರಿ. ಒಪ್ಪಿದೆ. ಆದರೆ "ಸಾಲ ಇರೋರಿಗೆ ಈ ಶೋಕಿ ಬೇರೆ ಕೇಡು" ಅಂದದ್ದು ಮನಸ್ಸಿಗೆ ನಾಟಿತು. ದಿನವಿಡೀ ಹೊಲಿಗೆ ಮಿಷನ್ ಮುಂದೆ ಕೂತು ಕಾಲು ಊದಿಕೊಳ್ಳುತ್ತದೆ. ಹೀಗೇ ಬಿಟ್ಟರೆ ಹಾಸಿಗೆ ಹಿಡೀತೀಯ, ದಿನಾ ಓಡು ಎಂದರು ಡಾಕ್ಟರು. ಮಗಳ ಅಪ್ಪ ಮಾಡಿಟ್ಟು ಹೋದ ಸಾಲ ತೀರುವ ತನಕ ನಾನು ಹಾಸಿಗೆ ಹಿಡಿಯುವ ಹಾಗಿಲ್ಲ. ಅದಕ್ಕೇ ಈ ಓಟ.

ನೀವು ಹೇಳಿದಂತೆ ನಿನ್ನೆ ಬರಿಗಾಲಲ್ಲಿ, ಬೆಕ್ಕಿನ ಹೆಜ್ಜೆಯಿಟ್ಟು ಓಡಿದೆ. ಎರಡು ಸುತ್ತು ಮುಗಿಯುವಷ್ಟರಲ್ಲಿ ಮಗಳು ಅಳುತ್ತಾ ಮೆಟ್ಟಿಲು ಹತ್ತಿ ಬಂದಳು.

"ಸದ್ದೇ ಇರ್ಲಿಲ್ಲ. ನೀನೂ ಹೋಗ್ಬಿಟ್ಟೆ ಅಂದ್ಕೊಂಡೆ" ಅಂದಳು.

ಅವಳಪ್ಪ ನಮ್ಮನ್ನು ಬಿಟ್ಟು ಹೋದದ್ದೂ ಬೆಳಗಿನ ಜಾವವೇ. ಅವಳು ಎದ್ದಾಗ ಪಕ್ಕದ ಹಾಸಿಗೆ ಖಾಲಿಯಿತ್ತು. ಅಂದಿನಿಂದ ಆ ಹೊತ್ತಿಗೆ ಅವಳಿಗೆ ತಾನಾಗಿಯೇ ಎಚ್ಚರವಾಗುತ್ತದಂತೆ. ಮೇಲೆ ನನ್ನ ಕಾಲಿನ ಸದ್ದು ಕೇಳಿಸಿದರೆ ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಾಳಂತೆ. ಇದು ನನಗೂ ಗೊತ್ತಾದದ್ದು ನಿನ್ನೆಯೇ.

ರಸ್ತೆಯಲ್ಲಿ ಓಡಿದರೆ ಅವಳಿಗೆ ಕೇಳಿಸದು, ತಾರಸಿಯಲ್ಲಿ ಓಡಿದರೆ ನಿಮ್ಮ ನಿದ್ದೆ ಹಾಳು. ಓಟವನ್ನೇ ಬಿಟ್ಟರೆ ಈ ಕಾಲು ಕೈಕೊಡುತ್ತದೆ. ನನಗಂತೂ ಏನೂ ತೋಚುತ್ತಿಲ್ಲ.

ತಾರಸಿಗೆ ಬೀಗ ಹಾಕುತ್ತೇನೆ ಎಂದಿದ್ದೀರಿ. ಮನೆ ನಿಮ್ಮದು, ಬೇಡ ಎನ್ನಲು ನಾನು ಯಾರು? ಹಾಕುವುದಾದರೆ ಹಿಂದಿನ ಸಂಜೆಯೇ ಒಂದು ಮಾತು ತಿಳಿಸಿ. ಮಗಳಿಗೆ ಎಚ್ಚರವಾಗುವ ಹೊತ್ತಿಗೆ ನಾನು ಅವಳ ಪಕ್ಕದಲ್ಲಿ ಮಲಗಿರಬೇಕು.

ಇಂತಿ,
ನಿಮ್ಮ ಪಕ್ಕದ ಬಾಡಿಗೆ ಮನೆಯ ಟೈಲರ್